ಬೀಗ ಹಾಕಿದ ಕಪಾಟು ಮತ್ತು ನಾಲ್ಕು ವರ್ಷದ ಮಗು

ಒಂದನೆಯ ತರಗತಿಗೆ ಸೇರುವ ಮಗುವಿನ ವಯಸ್ಸು ಎಷ್ಟಿರಬೇಕೆಂಬ ಪ್ರಶ್ನೆ ಕೆಲವು ವರ್ಷಗಳಿಂದ ನಮ್ಮ ನಾಡಿನ ಮನೆಮನೆಯ ಚರ್ಚೆಯಾಗಿದೆ. ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರವು 2022ರಲ್ಲಿ ಆದೇಶಿಸಿತು. ಬಳಿಕ ಅದರ ಜಾರಿಯನ್ನು 2025-26ನೆಯ ಸಾಲಿಗೆ ಮುಂದೂಡಿತು. ಆ ಸಾಲು ಸಮೀಪಿಸಿದಾಗ, 2025ರ ಏಪ್ರಿಲ್‌ನಲ್ಲಿ, ಯು.ಕೆ.ಜಿ. ಮುಗಿಸಿದ ಮಕ್ಕಳಿಗೆ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳೆಂಬ ಸಡಿಲಿಕೆಯನ್ನು ನೀಡಿತು. ಇದರ ನಡುವೆ, ಎಲ್.ಕೆ.ಜಿ. ಮತ್ತು ಯು.ಕೆ.ಜಿ. ತರಗತಿಗಳು ಸರ್ಕಾರಿ ಶಾಲೆಯಲ್ಲಿ ನಡೆಯಬೇಕೋ ಅಂಗನವಾಡಿಯಲ್ಲಿ ನಡೆಯಬೇಕೋ ಎಂಬ ವಿವಾದವೂ ಎದ್ದಿತು. 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಇದೇ ವಿಷಯಕ್ಕಾಗಿ ಬೀದಿಗಿಳಿದರು. ಅದೇ ವರ್ಷ ಬೆಂಗಳೂರಿನ 250 ಅಂಗನವಾಡಿಗಳಲ್ಲಿ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಹೆಸರಿನಲ್ಲಿ ಈ ತರಗತಿಗಳು ಆರಂಭಗೊಂಡವು. 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿದ ರಾಜ್ಯ ಶಿಕ್ಷಣ ನೀತಿ ಆಯೋಗವು ಎರಡು ವರ್ಷಗಳ ಪೂರ್ವ ಪ್ರಾಥಮಿಕ ಶಿಕ್ಷಣವನ್ನು ಶಾಲಾ ವ್ಯವಸ್ಥೆಯ ಮೊದಲ ಮೆಟ್ಟಿಲಾಗಿ ಸೂಚಿಸಿತು.

ಈ ಎಲ್ಲ ಚರ್ಚೆಗಳೂ ಬೇಕಾದವೇ. ಆದರೆ ಅವು ಮಗು ಯಾವ ವಯಸ್ಸಿಗೆ, ಯಾವ ಕಟ್ಟಡಕ್ಕೆ, ಯಾವ ಇಲಾಖೆಯ ಅಡಿಯಲ್ಲಿ ಹೋಗಬೇಕೆಂಬುದರಲ್ಲಿಯೇ ಮುಗಿದುಹೋಗುತ್ತಿವೆ. ಆ ಕಟ್ಟಡದ ಬಾಗಿಲನ್ನು ದಾಟಿ ಒಳಗೆ ಹೋದ ಮಗುವಿನ ಕೈಗೆ ಏನು ಸಿಗುತ್ತದೆ, ಪಕ್ಕದಲ್ಲಿ ಕುಳಿತ ಮತ್ತೊಂದು ಮಗುವಿಗೆ ಬೇರೆಯದೇನಾದರೂ ಸಿಗುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ನಾವು ಇಂದು ಈ ಪ್ರಶ್ನೆಯನ್ನೇ ಎತ್ತಿಕೊಳ್ಳಲು ಬಯಸುತ್ತೇವೆ. ನಮ್ಮ ಸಮಾಜಬಾಂಧವರಲ್ಲಿ ಅನೇಕರು ಪುಟ್ಟ ಮಕ್ಕಳ ತಂದೆತಾಯಿಗಳು, ಅಜ್ಜಅಜ್ಜಿಯರು. ಅನೇಕರು ಶಿಕ್ಷಕಿಯರು ಮತ್ತು ಶಾಲಾ ಸಮಿತಿಯ ಸದಸ್ಯರು. ಶಾಲೆಗಳಿಗೆ ಉದಾರವಾಗಿ ದಾನ ನೀಡುವವರೂ ನಮ್ಮಲ್ಲಿದ್ದಾರೆ. ಆದುದರಿಂದ ಈ ವಿಷಯವು ದೂರದ ಆಡಳಿತದ ವಿಷಯವಲ್ಲ, ನಮ್ಮ ಮನೆಯ ವಿಷಯವೇ ಆಗಿದೆ.

ಹನ್ನೆರಡು ತಿಂಗಳ ತೂಕ

ನಲವತ್ತು ವರ್ಷದ ಇಬ್ಬರ ನಡುವೆ ಒಂದು ವರ್ಷದ ಅಂತರವಿದ್ದರೆ ಅದು ಯಾರ ಗಮನಕ್ಕೂ ಬಾರದು. ಆದರೆ ಎಲ್.ಕೆ.ಜಿ.ಗೆ ಸೇರುವ ಮಗುವಿನ ಬಾಳು 48 ತಿಂಗಳದ್ದು. ಅದೇ ತರಗತಿಯಲ್ಲಿ ಆ ಮಗುವಿಗಿಂತ 11 ಅಥವಾ 12 ತಿಂಗಳು ಹಿರಿಯ ಮಗುವೊಂದು ಕುಳಿತಿರುತ್ತದೆ. ಕಿರಿಯ ಮಗುವಿನ ಇಡೀ ಬಾಳಿನ ಕಾಲು ಭಾಗದಷ್ಟು ಅನುಭವವು ಹಿರಿಯ ಮಗುವಿಗೆ ಹೆಚ್ಚಾಗಿ ದೊರೆತಿರುತ್ತದೆ. ಅಷ್ಟು ಕಾಲದಲ್ಲಿ ಬೆರಳುಗಳ ಹಿಡಿತ, ಮಾತಿನ ಸ್ಪಷ್ಟತೆ, ಒಂದೆಡೆ ಕುಳಿತಿರುವ ತಾಳ್ಮೆ, ಅಪರಿಚಿತರೊಡನೆ ಬೆರೆಯುವ ಧೈರ್ಯ ಎಲ್ಲವೂ ಬದಲಾಗುತ್ತವೆ.

ವಯಸ್ಸೊಂದೇ ಭೇದವನ್ನು ಉಂಟುಮಾಡುವುದೂ ಅಲ್ಲ. ಒಂದು ಮಗುವಿನ ಮನೆಯಲ್ಲಿ ಪುಸ್ತಕ ಪತ್ರಿಕೆಗಳಿರುತ್ತವೆ, ಇನ್ನೊಂದರ ಮನೆಯಲ್ಲಿ ಮುದ್ರಿತ ಕಾಗದವೆಂದರೆ ಗೋಡೆಯ ಕ್ಯಾಲೆಂಡರ್ ಮಾತ್ರ. ಒಂದು ಮಗು ಮನೆಯಲ್ಲಿ ಕನ್ನಡವಾಡಿದರೆ, ಬೇರೊಂದು ಲಂಬಾಣಿ, ಉರ್ದು, ತುಳು, ಮರಾಠಿ ಅಥವಾ ತೆಲುಗನ್ನಾಡಿ ಬಂದಿರುತ್ತದೆ. ಒಂದು ಮಗುವಿಗೆ ಕಿವಿ ಮಂದ, ಇನ್ನೊಂದಕ್ಕೆ ದೃಷ್ಟಿದೋಷವಿದ್ದು ಅದು ಇನ್ನೂ ಯಾರಿಗೂ ತಿಳಿದಿರುವುದಿಲ್ಲ. ಅಂಗನವಾಡಿಯಲ್ಲಂತೂ 3ರಿಂದ 6 ವರ್ಷದ ಎಲ್ಲ ಮಕ್ಕಳೂ ಸಾಮಾನ್ಯವಾಗಿ ಒಂದೇ ಕೋಣೆಯಲ್ಲಿ ಇರುತ್ತಾರೆ. ಅವರಿಗೆ ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿ.

ಇಂತಹ ಕೋಣೆಯಲ್ಲಿ ಎಲ್ಲರಿಗೂ ಒಂದೇ ಪಾಠವನ್ನು ಒಂದೇ ವೇಗದಲ್ಲಿ ಹೇಳಿದರೆ ಏನಾಗುತ್ತದೆ? ಅದು ನಡುವಣ ಕೆಲವರಿಗೆ ಮಾತ್ರ ಹೊಂದುತ್ತದೆ. ಮುಂದಿರುವವರು ಬೇಸರಗೊಂಡು ಗಲಾಟೆಗೆ ತೊಡಗುತ್ತಾರೆ. ಹಿಂದಿರುವವರು ಮೌನವಾಗುತ್ತಾರೆ. ಗಲಾಟೆ ಮಾಡುವ ಮಗುವನ್ನು ನಾವು ತುಂಟನೆನ್ನುತ್ತೇವೆ, ಮೌನವಾದ ಮಗುವನ್ನು ದಡ್ಡನೆನ್ನುತ್ತೇವೆ. ಕಲಿಸುವ ಕ್ರಮದ ಕೊರತೆಯನ್ನು ಮಗುವಿನ ಗುಣವೆಂದು ಬಗೆಯುವ ಈ ತಪ್ಪು ನಾಲ್ಕು ವರ್ಷಕ್ಕೇ ಆರಂಭವಾಗುತ್ತದೆ. ಆ ಹೆಸರುಗಳು ಮಗುವಿಗೆ ಅಂಟಿಕೊಂಡು ಹತ್ತನೆಯ ತರಗತಿಯವರೆಗೂ ಬರುತ್ತವೆ. ಈ ಚರ್ಚೆಯಲ್ಲಿ ನಿಜವಾಗಿ ಪಣಕ್ಕಿರುವುದು ಇದೇ.

ಸಾಮಗ್ರಿ ಬಂದಿದೆ, ಕೈಗೆ ಸಿಕ್ಕಿದೆಯೇ?

ನೀತಿಯ ಮಟ್ಟದಲ್ಲಿ ಈ ಅರಿವು ಇಲ್ಲವೆನ್ನಲಾಗದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಗುರುತಿಸಿತು. 2022ರಲ್ಲಿ ಈ ಹಂತಕ್ಕೆಂದೇ ಪಠ್ಯಕ್ರಮದ ಚೌಕಟ್ಟು ಹೊರಬಂದಿತು. ಅದು ಆಟ, ಕಥೆ, ಸಂಭಾಷಣೆ, ಹಾಡು ಮತ್ತು ಕೈಗೆಲಸಗಳನ್ನು ಕಲಿಕೆಯ ಮಾರ್ಗಗಳೆಂದು ಸಾರಿತು, ಮನೆಮಾತಿಗೆ ಮನ್ನಣೆ ನೀಡಿತು. 2023ರ ಫೆಬ್ರವರಿಯಲ್ಲಿ ಕೇಂದ್ರವು ‘ಜಾದೂಯಿ ಪಿಟಾರ’ ಎಂಬ ಸಾಮಗ್ರಿ ಪೆಟ್ಟಿಗೆಯನ್ನು ಬಿಡುಗಡೆ ಮಾಡಿತು. ಆಟಿಕೆ, ಒಗಟು, ಗೊಂಬೆ, ಚಿತ್ರಪಟ, ಕಥಾಕಾರ್ಡುಗಳು ಅದರಲ್ಲಿವೆ. ಅದೇ ವರ್ಷದ ಮೇ ತಿಂಗಳಲ್ಲಿ ‘ಪೋಷಣ್ ಭೀ ಪಢಾಯೀ ಭೀ’ ಎಂಬ ಕಾರ್ಯಕ್ರಮವು, ಅಂಗನವಾಡಿಯು ಊಟದ ಜಾಗ ಮಾತ್ರವಲ್ಲ, ಕಲಿಕೆಯ ಜಾಗವೂ ಹೌದೆಂದು ಘೋಷಿಸಿತು. ಅನಂತರ 3ರಿಂದ 6 ವರ್ಷದವರಿಗೆ ‘ಆಧಾರಶಿಲಾ’ ಎಂಬ 48 ವಾರಗಳ ಪಠ್ಯಕ್ರಮವೂ ಬಂದಿತು. ನಮ್ಮ ರಾಜ್ಯದ ಅಂಗನವಾಡಿಗಳಿಗೆ ‘ಚಿಲಿಪಿಲಿ’ ಎಂಬ ಚಟುವಟಿಕೆಯ ಪುಸ್ತಕವು ಹಳೆಯ ಪರಿಚಯ.

ಹಾಗಾದರೆ ಕೊರತೆ ಎಲ್ಲಿದೆ? ಅನೇಕ ಕೇಂದ್ರಗಳಲ್ಲಿ ಈ ಸಾಮಗ್ರಿಯು ಕಬ್ಬಿಣದ ಕಪಾಟಿನೊಳಗೆ ಬೀಗದ ಹಿಂದೆ ಇರುವುದನ್ನು ಕಾಣುತ್ತೇವೆ. ಕೆಲವೆಡೆ ಅದು ಬಂದ ಚೀಲದಲ್ಲಿಯೇ ಮೂಲೆ ಸೇರಿದೆ. ಇದಕ್ಕೆ ಕಾರ್ಯಕರ್ತೆಯ ಸೋಮಾರಿತನ ಕಾರಣವೆನ್ನುವುದು ಅನ್ಯಾಯ. ಪ್ರತಿಯೊಂದು ವಸ್ತುವೂ ದಾಸ್ತಾನು ಪುಸ್ತಕದಲ್ಲಿ ನಮೂದಾಗಿರುತ್ತದೆ. ತಪಾಸಣೆಗೆ ಬಂದವರು ಮೊದಲು ಕೇಳುವುದು, ಎಷ್ಟು ಬಂದಿತ್ತು, ಎಷ್ಟು ಉಳಿದಿದೆ ಎಂದು. ಎಷ್ಟು ಮಕ್ಕಳು ಬಳಸಿದರು ಎಂದು ಕೇಳುವವರು ಕಡಿಮೆ. ಮಣಿಗಳ ಸರ ಹರಿದರೆ, ಒಗಟಿನ ಒಂದು ತುಂಡು ಕಳೆದರೆ ಉತ್ತರ ಹೇಳಬೇಕಾದವಳು ಆಕೆ. ಬಳಸಿ ಸವೆದ ಸಾಮಗ್ರಿ ತಪ್ಪೆನಿಸಿ, ಬಳಸದೆ ಉಳಿದ ಸಾಮಗ್ರಿ ಶಿಸ್ತೆನಿಸುವ ಲೆಕ್ಕದಲ್ಲಿ ಯಾರೇ ಆದರೂ ಬೀಗ ಹಾಕುತ್ತಾರೆ.

ಖಾಸಗಿ ಶಿಶುವಿಹಾರಗಳ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ಬಣ್ಣಬಣ್ಣದ ಸಾಮಗ್ರಿಯು ಗೋಡೆಯ ಮೇಲೆ, ದೊಡ್ಡವರ ಎತ್ತರದಲ್ಲಿ, ಪ್ರವೇಶ ವಿಚಾರಿಸಲು ಬರುವ ಪೋಷಕರ ಕಣ್ಣಿಗೆ ಕಾಣುವಂತೆ ಅಲಂಕೃತವಾಗಿರುತ್ತದೆ. ಮಗುವಿನ ಕೈಯಲ್ಲಿರುವುದು ಮಾತ್ರ ಚುಕ್ಕೆಗಳ ಮೇಲೆ ಗೆರೆ ಎಳೆಯುವ ಅಭ್ಯಾಸ ಪುಸ್ತಕ. ಎಲ್ಲರಿಗೂ ಅದೇ ಪುಟ, ಅದೇ ದಿನ. ಪೋಷಕರಾದ ನಾವು ಸಂಜೆ ಕೇಳುವುದೂ ‘ಇವತ್ತು ಏನು ಬರೆಸಿದರು?’ ಎಂಬ ಪ್ರಶ್ನೆಯನ್ನೇ. ಶಾಲೆಯು ನಮ್ಮ ಪ್ರಶ್ನೆಗೆ ತಕ್ಕ ಉತ್ತರವನ್ನು ಸಿದ್ಧಪಡಿಸುತ್ತದೆ, ಅಷ್ಟೇ.

ಕೈಗೆಟುಕುವ ಕಪಾಟೇ ಎರಡನೆಯ ಗುರು

ಮಗುವಿಗೆ ತಕ್ಕಂತೆ ಕಲಿಸುವುದೆಂದರೆ ಮೂವತ್ತು ಮಕ್ಕಳಿಗೆ ಮೂವತ್ತು ಪಾಠ ಸಿದ್ಧಪಡಿಸುವುದೆಂದು ಅನೇಕ ಶಿಕ್ಷಕಿಯರು ಭಾವಿಸಿ ಅಂಜುತ್ತಾರೆ. ಅದು ಯಾರಿಂದಲೂ ಆಗದ ಕೆಲಸ. ಒಬ್ಬರ ಬಾಯಿಮಾತು ಒಂದು ಸಮಯಕ್ಕೆ ಒಂದೇ ಪಾಠವನ್ನು ಹೇಳಬಲ್ಲದು. ಆದರೆ ಸರಿಯಾಗಿ ಜೋಡಿಸಿದ ಸಾಮಗ್ರಿಯು ಒಂದೇ ಸಮಯದಲ್ಲಿ ಹತ್ತು ಮಕ್ಕಳಿಗೆ ಹತ್ತು ಬಗೆಯ ಕೆಲಸವನ್ನು ಕೊಡಬಲ್ಲದು. ಆದುದರಿಂದ ಸಾಮಗ್ರಿಯ ಜೋಡಣೆಯನ್ನು ಅಲಂಕಾರವೆಂದಾಗಲಿ ಗುಮಾಸ್ತಗಿರಿಯೆಂದಾಗಲಿ ತಿಳಿಯಬಾರದು. ಅದು ಬೋಧನೆಯೇ ಆಗಿದೆ.

ಇದು ಹೊಸ ಮಾತಲ್ಲ. 1907ರ ಜನವರಿ 6ರಂದು ರೋಮ್ ನಗರದ ಬಡಜನರ ಬಡಾವಣೆಯೊಂದರಲ್ಲಿ ಮಕ್ಕಳ ಮನೆಯನ್ನು ತೆರೆದ ಮಾರಿಯಾ ಮಾಂಟೆಸ್ಸರಿಯವರು ವಸ್ತುಗಳನ್ನು ಮಗುವಿನ ಕೈಗೆಟುಕುವ ತಗ್ಗಿನ ಕಪಾಟಿನಲ್ಲಿ ತೆರೆದಿಟ್ಟರು. ತಪ್ಪಾದಾಗ ಗುರು ಹೇಳಬೇಕಾಗಿಲ್ಲ, ವಸ್ತುವೇ ಹೇಳುವಂತೆ ಅವುಗಳನ್ನು ರೂಪಿಸಿದರು. ಗುಂಡಗಿನ ಕಟ್ಟಿಗೆಯ ತುಂಡು ತನ್ನದಲ್ಲದ ಕುಳಿಯಲ್ಲಿ ಕೂರುವುದಿಲ್ಲ. ಮಗು ಅದನ್ನು ತಾನೇ ಕಂಡುಕೊಂಡು ತಿದ್ದಿಕೊಳ್ಳುತ್ತದೆ. ಅವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಮಹಾಯುದ್ಧದ ವರ್ಷಗಳನ್ನು ಭಾರತದಲ್ಲಿಯೇ ಕಳೆದು, ನೂರಾರು ಶಿಕ್ಷಕರಿಗೆ ತರಬೇತಿ ನೀಡಿದರು.

ಅದಕ್ಕೂ ಮೊದಲೇ, 1920ರಲ್ಲಿ, ವಕೀಲಿ ವೃತ್ತಿಯನ್ನು ಬಿಟ್ಟು ಬಂದ ಗಿಜುಭಾಯಿ ಬಧೇಕಾ ಅವರು ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದ್ದರು. ಅವರ ಜೊತೆಗಾರರಾಗಿದ್ದ ತಾರಾಬಾಯಿ ಮೋಡಕ್ ಅವರು ಅನುತಾಯಿ ವಾಘ್ ಅವರೊಡನೆ ಮಹಾರಾಷ್ಟ್ರದ ಆದಿವಾಸಿ ಹಾಡಿಗಳಿಗೆ ಹೋಗಿ, ಅಂಗಳದಲ್ಲಿಯೇ ಬಾಲವಾಡಿಯನ್ನು ನಡೆಸಿದರು. ದುಬಾರಿ ಸಲಕರಣೆಗೆ ಬದಲಾಗಿ ಬೀಜ, ಎಲೆ, ಕಲ್ಲು, ಚಿಪ್ಪುಗಳನ್ನು ಬಳಸಿದರು. ಅಂಗನವಾಡಿ ಎಂಬ ಹೆಸರಿನ ಮೂಲವೇ ಈ ಅಂಗಳ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆ ಆರಂಭವಾದಾಗ ಅದರಲ್ಲಿ ನಮ್ಮ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಒಂದಾಗಿತ್ತೆಂಬುದು ನಾಡಿಗೆ ಹೆಮ್ಮೆಯ ವಿಷಯ.

ಒಂದು ಹಿಡಿ ಹುಣಸೆ ಬೀಜ

ತತ್ತ್ವವನ್ನು ಉದಾಹರಣೆಯಿಂದ ನೋಡೋಣ. ಒಂದು ತಟ್ಟೆಯಲ್ಲಿ ಹುಣಸೆ ಬೀಜ ಮತ್ತು ಅವರೆ ಕಾಳುಗಳಿವೆ ಎನ್ನೋಣ. ಮೂರೂವರೆ ವರ್ಷದ ಮಗು ಅವುಗಳನ್ನು ಎರಡು ಬಟ್ಟಲಿಗೆ ಬೇರ್ಪಡಿಸುತ್ತದೆ. ಅದಕ್ಕೆ ಅಷ್ಟೇ ಸಾಕು, ಅದು ವರ್ಗೀಕರಣದ ಮೊದಲ ಪಾಠ. ನಾಲ್ಕೂವರೆ ವರ್ಷದ ಮಗುವಿಗೆ ಜೊತೆಯಲ್ಲಿ ಒಂದರಿಂದ ಐದು ಚುಕ್ಕೆಗಳಿರುವ ಕಾರ್ಡುಗಳನ್ನು ಕೊಡಬೇಕು. ಪ್ರತಿ ಚುಕ್ಕೆಯ ಮೇಲೆ ಒಂದು ಬೀಜವನ್ನಿಡುತ್ತ ಅದು ಎಣಿಕೆಗೆ ಬರುತ್ತದೆ. ಐದೂವರೆ ವರ್ಷದ ಮಗುವಿಗೆ ಹತ್ತು ಬೀಜಗಳನ್ನು ಕೊಟ್ಟು, ಎರಡು ಗುಂಪಾಗಿ ಎಷ್ಟು ಬಗೆಯಲ್ಲಿ ಮಾಡಬಹುದೆಂದು ಕೇಳಬೇಕು. ಆರು ಮತ್ತು ನಾಲ್ಕು, ಏಳು ಮತ್ತು ಮೂರು ಎಂದು ಅದು ಕೂಡಿಸುವ ಲೆಕ್ಕದ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಅಜ್ಜಿಯರ ಅಳಗುಳಿಮಣೆಯಲ್ಲಿದ್ದುದೂ ಇದೇ ಗಣಿತ. ತಟ್ಟೆ ಒಂದೇ, ಬೀಜ ಒಂದೇ, ಕೆಲಸದ ಆಳ ಬೇರೆ. ಯಾವ ಮಗುವೂ ತಾನು ಹಿಂದಿದ್ದೇನೆಂದು ನಾಚಬೇಕಾಗಿಲ್ಲ.

ಇದು ದಿನನಿತ್ಯ ನಡೆಯಬೇಕಾದರೆ ಕೆಲವು ಕ್ರಮಗಳು ಅಗತ್ಯ.

ಮೊದಲನೆಯದಾಗಿ, ಕಪಾಟು ತೆರೆದಿರಬೇಕು, ಮಗುವಿನ ಎದೆಯೆತ್ತರಕ್ಕಿಂತ ಮೇಲಿರಬಾರದು. ಇಟ್ಟಿಗೆಗಳ ಮೇಲೆ ಹಲಗೆಯನ್ನಿಟ್ಟರೂ ಸಾಕು, ಆದರೆ ಅದು ಅಲುಗಾಡಬಾರದು. ಎರಡನೆಯದಾಗಿ, ಒಂದು ಚಟುವಟಿಕೆಗೆ ಬೇಕಾದುದೆಲ್ಲ ಒಂದೇ ತಟ್ಟೆ ಅಥವಾ ಬುಟ್ಟಿಯಲ್ಲಿರಬೇಕು. ಬೀಜ ಒಂದೆಡೆ, ಕಾರ್ಡು ಇನ್ನೊಂದೆಡೆ ಇದ್ದರೆ ಮಗು ಪ್ರತಿಸಲವೂ ಶಿಕ್ಷಕಿಯ ಬಳಿಗೆ ಓಡಿಬರುತ್ತದೆ. ಮೂರನೆಯದಾಗಿ, ಇದ್ದುದನ್ನೆಲ್ಲ ಒಮ್ಮೆಗೇ ಹರಡಬಾರದು. ಸ್ವಲ್ಪ ಹೊರಗಿಟ್ಟು, ಉಳಿದುದನ್ನು ಒಳಗಿಟ್ಟು, ಎರಡು ವಾರಕ್ಕೊಮ್ಮೆ ಬದಲಿಸಿದರೆ ಹಳೆಯದೂ ಹೊಸದಾಗಿ ತೋರುತ್ತದೆ.

ನಾಲ್ಕನೆಯದಾಗಿ, ಪ್ರತಿ ಬುಟ್ಟಿಯ ಮೇಲೂ ಅದು ಇರಬೇಕಾದ ಸ್ಥಳದಲ್ಲಿಯೂ ಒಂದೇ ಚಿತ್ರವನ್ನಂಟಿಸಿ, ಕೆಳಗೆ ಕನ್ನಡದಲ್ಲಿ ಹೆಸರು ಬರೆಯಬೇಕು. ಓದಲು ಬಾರದ ಮಗುವೂ ಚಿತ್ರವನ್ನು ನೋಡಿ ವಸ್ತುವನ್ನು ಮರಳಿ ಇಡುತ್ತದೆ. ಪ್ರತಿದಿನವೂ ಕಣ್ಣಿಗೆ ಬೀಳುವ ಆ ಅಕ್ಷರಗಳು ಪರಿಚಿತವಾಗುತ್ತ ಹೋಗುತ್ತವೆ. ಐದನೆಯದಾಗಿ, ಗದ್ದಲದ ಮೂಲೆ ಮತ್ತು ಮೌನದ ಮೂಲೆ ದೂರವಿರಬೇಕು. ಕಟ್ಟುವ ತುಂಡುಗಳ ಪಕ್ಕದಲ್ಲಿ ಪುಸ್ತಕದ ಚಾಪೆ ಹಾಸಿದರೆ ಎರಡೂ ಕೆಡುತ್ತವೆ. ಆರನೆಯದು ಸುರಕ್ಷತೆ. ಗುಲಗಂಜಿಯಂತಹ ವಿಷದ ಬೀಜಗಳು ತರಗತಿಯ ಬಳಿಗೂ ಬರಬಾರದು. ವಸ್ತುವನ್ನು ಬಾಯಿಗೆ ಹಾಕುವ ಅಭ್ಯಾಸ ಇನ್ನೂ ಹೋಗದ ಚಿಕ್ಕವರಿಗೆ ಸಣ್ಣ ಕಾಳುಗಳ ಬದಲು ದೊಡ್ಡ ವಸ್ತುಗಳನ್ನೇ ಕೊಡಬೇಕು.

ಚನ್ನಪಟ್ಟಣದ ಅರಗಿನ ಬಣ್ಣದ ಮರದ ಆಟಿಕೆಗಳು ಜಗತ್ತಿನ ಮಾರುಕಟ್ಟೆಗೆ ಹೋಗುತ್ತವೆ. ಕಿನ್ನಾಳದ ಕುಶಲಿಗರು ತಲೆಮಾರುಗಳಿಂದ ಗೊಂಬೆಗಳನ್ನು ಮಾಡುತ್ತಿದ್ದಾರೆ. ಅವು ನಮ್ಮದೇ ನಾಡಿನ ಶಿಶುವಿಹಾರದ ಕಪಾಟಿಗೆ ಬಂದರೆ ಮಗುವಿನ ಕಲಿಕೆಯೂ ಕುಶಲಿಗರ ಕಾಯಕವೂ ಒಟ್ಟಿಗೆ ಉಳಿಯುತ್ತವೆ.

ನಲಿ-ಕಲಿ ಕೊಟ್ಟ ಪಾಠ

ಈ ದಾರಿಯಲ್ಲಿ ಕರ್ನಾಟಕಕ್ಕೆ ಸ್ವಂತ ಅನುಭವವಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡು ಬಂದು ನಲಿ-ಕಲಿಯನ್ನು ಆರಂಭಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭಿಕ ತರಗತಿಗಳಿಗೆ ವಿಸ್ತರಿಸಿತು. ಕಲಿಕಾ ಏಣಿ, ಕಾರ್ಡುಗಳು, ತಲೆಯ ಮೇಲಿನ ಕಲಿಕಾ ಚಪ್ಪರ ನಮ್ಮ ಹಳ್ಳಿಗಳ ಮಕ್ಕಳಿಗೆ ಪರಿಚಿತವಾದವು. ಅಲ್ಲಿ ಮಕ್ಕಳು ವಯಸ್ಸಿನಿಂದಲ್ಲ, ಅಂದು ಬೇಕಾದ ಸಹಾಯದ ಪ್ರಮಾಣದಿಂದ ಗುಂಪಾಗುತ್ತಾರೆ. ಕೆಲವರಿಗೆ ಶಿಕ್ಷಕರ ಪೂರ್ಣ ನೆರವು, ಕೆಲವರಿಗೆ ಅಲ್ಪ ನೆರವು, ಕೆಲವರಿಗೆ ಸಹಪಾಠಿಯ ನೆರವು, ಕೆಲವರದು ಸ್ವಕಲಿಕೆ.

ಇದರ ಬಲವು ಗುಂಪು ಬದಲಾಗುತ್ತಿರುವುದರಲ್ಲಿದೆ. ಗುಂಪು ಸ್ಥಿರವಾದ ದಿನ ಅದು ಮತ್ತೊಂದು ಬಗೆಯ ಪಂಕ್ತಿಭೇದವಾಗುತ್ತದೆ. ಕಾರ್ಡು ಹರಿದು, ಏಣಿಯ ಮೆಟ್ಟಿಲೊಂದು ಕಾಣೆಯಾಗಿ, ಹೊಸದು ಬಾರದ ಕಡೆಗಳಲ್ಲಿ ಕ್ರಮವೇ ಕುಸಿಯುತ್ತದೆ. ಸಾಮಗ್ರಿಯನ್ನು ನಂಬಿ ನಿಂತ ಬೋಧನೆಯಲ್ಲಿ ಸಾಮಗ್ರಿಯನ್ನು ಮರುಪೂರೈಸುವುದು ಮೊದಲ ಹಂಚಿಕೆಯಷ್ಟೇ ಮುಖ್ಯ.

ಸಮಾನತೆಯ ಅರ್ಥ

ಮಕ್ಕಳಿಗೆ ಬೇರೆ ಬೇರೆ ಕೆಲಸ ಕೊಡುವುದು ಸಮಾನತೆಗೆ ವಿರುದ್ಧವಲ್ಲವೇ ಎಂದು ಕೆಲವರು ಕೇಳುತ್ತಾರೆ. ಪ್ರಸಾದದ ಪಂಕ್ತಿಯಲ್ಲಿ ಎಲ್ಲರೂ ಸಮಾನರಾಗಿ ಕೂರುತ್ತಾರೆ. ಆದರೆ ಬಡಿಸುವವರು ಮೂರು ವರ್ಷದ ಕೂಸಿಗೂ ಹೊಲದಿಂದ ಬಂದ ರೈತನಿಗೂ ಒಂದೇ ಅಳತೆಯ ಮುದ್ದೆಯನ್ನಿಡುವುದಿಲ್ಲ. ಪಂಕ್ತಿ ಒಂದೇ, ಹಸಿವಿಗೆ ತಕ್ಕ ಅಳತೆ. ತರಗತಿಯಲ್ಲಿಯೂ ಸಮಾನವಾಗಿರಬೇಕಾದುದು ಗೌರವ, ಗಮನ ಮತ್ತು ತಲುಪಬೇಕಾದ ಗುರಿ. ಅಲ್ಲಿಗೆ ಹೋಗುವ ಮೆಟ್ಟಿಲುಗಳು ಮಗುವಿನ ಕಾಲಿಗೆ ತಕ್ಕಂತಿರಬೇಕು.

ಹೊರೆಯ ಪ್ರಶ್ನೆ ಇದಕ್ಕಿಂತ ನೈಜವಾದುದು. ಅಂಗನವಾಡಿ ಕಾರ್ಯಕರ್ತೆಯು ಗರ್ಭಿಣಿ ಬಾಣಂತಿಯರ ಆರೈಕೆ, ತೂಕದ ದಾಖಲೆ, ಆಹಾರ ವಿತರಣೆ, ಮೊಬೈಲಿನ ಪೋಷಣ್ ಟ್ರ್ಯಾಕರ್, ಮೇಲಿಂದ ಬರುವ ಸಮೀಕ್ಷೆಗಳು ಎಲ್ಲವನ್ನೂ ನಿಭಾಯಿಸಬೇಕು. ಆಕೆಗೆ ಗೌರವಧನವಿದೆ, ವೇತನವಿಲ್ಲ. ಮಕ್ಕಳೊಡನೆ ಕೂರಲು ನಿರಾತಂಕವಾದ ಎರಡು ಗಂಟೆಗಳನ್ನು ಕೊಡದೆ ಹೊಸ ಪಠ್ಯಕ್ರಮವನ್ನು ಮಾತ್ರ ಕೊಟ್ಟರೆ ಅದು ಕಪಾಟಿನಲ್ಲಿ ಇನ್ನೊಂದು ಪುಸ್ತಕವಾಗುತ್ತದೆ. ಇಲಾಖೆಯು ದಾಸ್ತಾನಿನ ಲೆಕ್ಕದಲ್ಲಿ ಸಹಜವಾದ ಸವೆತಕ್ಕೆ ಅವಕಾಶವಿತ್ತು, ವರ್ಷಕ್ಕೊಮ್ಮೆ ಮರುಪೂರೈಕೆಗೆ ಹಣವಿಡುವುದು ತೀರ ದೊಡ್ಡ ಸುಧಾರಣೆಯೇನಲ್ಲ. ಆದರೆ ಅದರಿಂದ ಎಷ್ಟೋ ಬೀಗಗಳು ತೆರೆಯುತ್ತವೆ.

ನಮ್ಮ ಪಾಲಿನ ಕೆಲಸ

ಸರ್ಕಾರದ ಕಡೆ ಬೆರಳು ತೋರಿ ನಾವು ಸುಮ್ಮನಿರುವಂತಿಲ್ಲ. ಊರಿನ ಶಾಲೆಗೆ, ಅಂಗನವಾಡಿಗೆ ದಾನ ಕೊಡುವ ಸತ್ಸಂಪ್ರದಾಯ ನಮ್ಮಲ್ಲಿದೆ. ಗೋಡೆ ಗಡಿಯಾರ, ಫ್ಯಾನು, ಹೆಸರು ಬರೆಸಿದ ಕಬ್ಬಿಣದ ಬೀರುಗಳನ್ನು ಕೊಡುತ್ತೇವೆ. ಮುಂದಿನ ಸಲ ಬಾಗಿಲಿಲ್ಲದ ಒಂದು ತಗ್ಗಿನ ಕಪಾಟು, ಇಪ್ಪತ್ತು ತಟ್ಟೆಗಳು, ಒಂದಿಷ್ಟು ಕನ್ನಡದ ಚಿತ್ರಕಥೆಗಳನ್ನು ಕೊಡೋಣ. ಒಡೆದುದಕ್ಕೆ, ಹರಿದುದಕ್ಕೆ ಬದಲಿ ಕೊಡುವ ಮಾತನ್ನೂ ಕೊಡೋಣ. ದಾನದ ವಸ್ತು ಮಕ್ಕಳ ಕೈಯಲ್ಲಿ ಸವೆದರೆ ಅದು ನಷ್ಟವಲ್ಲ, ಸಾರ್ಥಕ.

ಬಾಲವಿಕಾಸ ಸಮಿತಿಯಲ್ಲಿ, ಶಾಲಾಭಿವೃದ್ಧಿ ಸಮಿತಿಯಲ್ಲಿ ಇರುವವರು ಭೇಟಿ ನೀಡಿದಾಗ ‘ಎಷ್ಟು ಉಳಿದಿದೆ?’ ಎನ್ನುವ ಬದಲು ‘ಯಾವುದನ್ನು ಮಕ್ಕಳು ಹೆಚ್ಚು ಬಳಸುತ್ತಾರೆ?’ ಎಂದು ಕೇಳಲಿ. ಬಿಡುವಿರುವ ಹಿರಿಯರು ವಾರಕ್ಕೊಂದು ದಿನ ಹೋಗಿ ಕಥೆ ಹೇಳಲಿ, ಬುಟ್ಟಿಗಳನ್ನು ಸರಿಪಡಿಸಲಿ. ಲಂಬಾಣಿ ಅಥವಾ ಉರ್ದು ಬಲ್ಲ ತಾಯಿಯೊಬ್ಬರು ಬಂದು ಆ ಭಾಷೆಯ ಹಾಡನ್ನು ಕಲಿಸಿದರೆ, ಅದುವರೆಗೆ ಬಾಯಿ ಬಿಡದ ಮಗು ಅಂದು ಎಲ್ಲರಿಗೂ ಗುರುವಾಗುತ್ತದೆ.

ತಂದೆತಾಯಿಗಳು ಮೂರು ವರ್ಷದ ಮಗುವಿನ ಕೈಗೆ ಬಳಪ ತುರುಕಿ ‘ಅ’ ಬರೆಯಿಸುವ ಅವಸರವನ್ನು ಬಿಡಲಿ. ಹೂ ಕಟ್ಟುವ, ಬಟಾಣಿ ಸುಲಿಯುವ, ಹಿಟ್ಟು ನಾದುವ ಬೆರಳುಗಳೇ ನಾಳೆ ಅಕ್ಷರವನ್ನು ನೋವಿಲ್ಲದೆ ಬರೆಯುತ್ತವೆ. ಪಕ್ಕದ ಮನೆಯ ಮಗು ಓದುತ್ತಿದೆ, ನಮ್ಮದು ಓದುತ್ತಿಲ್ಲವೆಂಬ ಹೋಲಿಕೆಯನ್ನು ಮಗುವಿನ ಕಿವಿಗೆ ಬೀಳದಂತೆ ನೋಡಿಕೊಳ್ಳಲಿ.

ವಯಸ್ಸಿನ ನಿಯಮ ನಾಳೆ ಬದಲಾಗಬಹುದು, ತರಗತಿಯ ಹೆಸರೂ ಇಲಾಖೆಯೂ ಬದಲಾಗಬಹುದು. ಆದರೆ ನಾಲ್ಕನೆಯ ವರ್ಷ ಯಾವ ಮಗುವಿಗೂ ಎರಡನೆಯ ಸಲ ಬರುವುದಿಲ್ಲ. ಮುಂದಿನ ವಾರ ನಮ್ಮ ನಮ್ಮ ಊರಿನ ಅಂಗನವಾಡಿಗೆ ಹೋದಾಗ ಕಪಾಟಿನ ಬೀಗದ ಕೈ ಎಲ್ಲಿದೆಯೆಂದು ಗೌರವದಿಂದ ಕೇಳೋಣ. ಅದನ್ನು ತೆರೆದಿಡಲು ಆಕೆಗೆ ಏನು ಬೇಕೆಂದು ಕೇಳಿ ತಿಳಿದು, ಕೊಡಬಹುದಾದುದನ್ನು ಕೊಡೋಣ.